ಗುಡ್ಡದ ಬಂಡೆಗಳ ಮೇಲಿನ ಗುಳಿ ಸಾಲು

ಹೋದ ಕಾರ್ತಿಕ ಮಾಸದ ಎರಡನೆಯ ಸೋಮವಾರ, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ, ಮಾಲೂರು ತಾಲ್ಲೂಕಿನಲ್ಲಿರುವ ನನ್ನ ತಾಯಿಯ ತವರೂರಿನ ಗುಡ್ಡಕ್ಕೆ ಮೊದಲ ಸಿಡಿಮದ್ದು ಇಟ್ಟರು. ಜಲ್ಲಿ ಕ್ರಷರ್‌ಗೆ ಅನುಮತಿ ಸಿಕ್ಕಿತ್ತು. ಅದನ್ನು ತಡೆಯಲು ಊರಿನವರು ನಾಲ್ಕು ವರ್ಷ ಕಚೇರಿಗಳಿಗೆ ಅಲೆದಿದ್ದರು. ಅರ್ಜಿ ಬರೆದುಕೊಟ್ಟವನು ನಾನು. ಕೋಲಾರದಲ್ಲಿ ಪತ್ರಿಕೆಯೊಂದರ ವರದಿಗಾರನಾಗಿದ್ದೆ.

ಮುಂದೆ ನಿಂತವರು ನನ್ನ ಸೋದರಮಾವ, ಶಿವಾರಪಟ್ಟಣದಲ್ಲಿ ಕೆಲಸ ಕಲಿತ ಶಿಲ್ಪಿ. ವಿಗ್ರಹಕ್ಕೆ ಬೇಕಾದ ಕಲ್ಲನ್ನು ಅವರ ತಾತನಂತೆ ಅವರೂ ಅದೇ ಗುಡ್ಡದಿಂದ ತರುತ್ತಿದ್ದರು. ಬಂಡೆಗೆ ಹಾಲೆರೆದು, ಅಪ್ಪಣೆ ಕೇಳಿ, ಉಳಿಯಿಂದ ಸಾಲಾಗಿ ಗುಳಿ ಹೊಡೆದು, ಅವುಗಳಲ್ಲಿ ಬೆಣೆ ಬಡಿದು ಸೀಳುವುದು ಪದ್ಧತಿ. ಒಂದು ವಿಗ್ರಹಕ್ಕೆ ಒಂದೇ ಕಲ್ಲು. ಕಲ್ಲು ಹೋದ ಮೇಲೂ ಗುಳಿಗಳ ಅರ್ಧ ಗುರುತು ಬಂಡೆಯಲ್ಲಿ ಉಳಿಯುತ್ತದೆ.

ಅರ್ಜಿಯ ಕರಡನ್ನು ನಾನು ಓದಿ ಹೇಳಿದಾಗ ಮಾವ ತಡೆದರು.

"ಅಳಿಯ, ಮೇಕೆ ಮೇವು, ಕೆರೆ ನೀರು ಎಲ್ಲಾ ಬರ್ದಿದೀಯ. ನಮ್ ಮಾತೇ ಇಲ್ವಲ್ಲೋ. ತಾತನ ಕಾಲ್ದಿಂದ ಇಲ್ಲೇ ಕಲ್ಲು ತೆಗೀತಿದೀವಿ ಅಂತ ಸೇರ್ಸು. ಈ ಗುಡ್ಡ ಯಾರ್ದು ಅಂತ ಗೊತ್ತಾಗ್ಲಿ ಅವ್ರಿಗೆ."

ಸೇರಿಸಿದೆ.

ಸ್ಥಳ ಪರಿಶೀಲನೆಗೆ ಅಧಿಕಾರಿ ಬಂದ ದಿನ ಮಾವ ಒಗೆದ ಪಂಚೆ ಉಟ್ಟಿದ್ದರು. ಬಂಡೆಯಿಂದ ಬಂಡೆಗೆ ಕರೆದೊಯ್ದು, ಗುಳಿಗಳ ಮೇಲೆ ಬೆರಳಿಟ್ಟು ತೋರಿಸಿದರು.

"ಇದು ಮುಳಬಾಗಿಲ ಕಡೆ ಹೋದ ಆಂಜನೇಯ, ಸಾರ್. ಇದು ರಾಯಲ್ಪಾಡಿನ ಗಂಗಮ್ಮ. ಇದು ನಮ್ ತಾತ ಹೊಡೆದಿದ್ದು. ನೋಡಿ, ಒಂದು ಗುಳೀನೂ ಸೊಟ್ಟ ಇಲ್ಲ."

ಮಾವನ ಹೆಂಡತಿ, ನನ್ನ ಅತ್ತೆ, ಹಿಂದಿನಿಂದ ನಕ್ಕರು: "ಮಗಳನ್ನ ನೋಡಕ್ ಬಂದೋರಿಗೂ ಈವಯ್ಯ ಇಷ್ಟು ತೋರಿಸ್ಲಿಲ್ಲ ಕಣಪ್ಪ."

ಅಧಿಕಾರಿ ಪ್ರತಿ ಸಾಲಿನ ಫೋಟೊ ತೆಗೆದುಕೊಂಡರು. ನಾವು ಅದನ್ನು ಒಳ್ಳೆಯ ಸೂಚನೆ ಎಂದುಕೊಂಡೆವು.

ಆದೇಶ ಬಂದಾಗ ಜಗಲಿಯಲ್ಲಿ ಕೂತು ಓದಿ ಹೇಳಿದೆ. ಅಲ್ಲಿ ಮೊದಲಿನಿಂದಲೂ ಕಲ್ಲು ಗಣಿಗಾರಿಕೆ ನಡೆದಿದೆ, ಅರ್ಜಿದಾರರೇ ಅದನ್ನು ಒಪ್ಪಿದ್ದಾರೆ, ಫೋಟೊಗಳೂ ಇವೆ, ಆದ್ದರಿಂದ ಹೊಸ ಪರವಾನಗಿಗೆ ಅಡ್ಡಿಯಿಲ್ಲ ಎಂದಿತ್ತು.

"ಇನ್ನೊಂದ್ಸಲ ಓದು," ಎಂದರು ಮಾವ. ಓದಿದೆ.

"ಅದು ನಾನ್ ಹೇಳಿದ್ ಮಾತಲ್ವೇನೋ?"

"ಬರೆದೋನು ನಾನು, ಮಾವ. ನನಗೆ ಗೊತ್ತಾಗ್ಬೇಕಿತ್ತು."

"ನಾವು ಬಂಡೇನ ಕೇಳಿ ತಗೊಂಡ್ವಿ ಕಣೋ. ಒಂದು ದೇವ್ರಿಗೆ ಒಂದು ಕಲ್ಲು."

ಅಷ್ಟು ಹೇಳಿ ಎದ್ದು ಒಳಗೆ ಹೋದರು. ಅತ್ತೆ ತಂದಿಟ್ಟ ಕಾಫಿ ಜಗಲಿಯಲ್ಲೇ ಆರಿತು.

ಊರಿನವರು ಈಗ ಮೇಲ್ಮನವಿ ಸಲ್ಲಿಸಿದ್ದಾರೆ. ಸಹಿ ಕೇಳಲು ಹೋದವರಿಗೆ ಮಾವ, "ನನ್ ಬಾಯಿಂದ ಆಗಿದ್ದು ಸಾಕು ಬಿಡ್ರಪ್ಪ" ಎಂದರಂತೆ. ಅದರಲ್ಲಿ ಅವರ ಸಹಿ ಇಲ್ಲ. ಕಳೆದ ವಾರದ ವಿಚಾರಣೆ ಮುಂದಕ್ಕೆ ಹೋಯಿತು. ಗುಡ್ಡದ ಮೂಡಣ ಮಗ್ಗುಲು ರಸ್ತೆಯ ಮಟ್ಟಕ್ಕೆ ಬಂದಿದೆ.