ಮಗುವಿನ ವಯಸ್ಸು ಇಳಿಸಿದವರು

ಮಕ್ಕಳ ಆರೋಗ್ಯದ ರಾಷ್ಟ್ರೀಯ ಸಮೀಕ್ಷೆಗೆ ನಾನು ಮನೆಮನೆ ತಿರುಗಿದ್ದು ಒಂದೇ ಒಂದು ಸುತ್ತು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರೂ ತಾಲ್ಲೂಕಿಗೆ ನಮ್ಮದೊಂದೇ ತಂಡ. ಹೆಗಲಿಗೆ ತೂಕದ ಯಂತ್ರ, ಕೈಯಲ್ಲಿ ಟ್ಯಾಬ್. ತರಬೇತಿ ಕೊಟ್ಟಿದ್ದು ಹೋಟೆಲಿನ ಎ.ಸಿ. ಹಾಲಿನಲ್ಲಿ, ಪ್ಲಾಸ್ಟಿಕ್ ಗೊಂಬೆ ಇಟ್ಟುಕೊಂಡು. ಗೊಂಬೆ ಅಳಲಿಲ್ಲ, ಉಚ್ಚೆ ಹೊಯ್ಯಲಿಲ್ಲ, ಮಲಗಿಸಿದ ಹಾಗೆ ಮಲಗಿತು. ನಮ್ಮ ಮೇಲ್ವಿಚಾರಕರು ಅದನ್ನು ಬಿಟ್ಟು ಬೇರೆ ಮಗುವನ್ನು ಮುಟ್ಟಿದ್ದಂತೆ ನನಗೆ ಕಾಣಲಿಲ್ಲ.

ನೆಮ್ಮಾರಿನ ಹತ್ತಿರ ಒಂದು ಕಾಫಿ ತೋಟದ ಕೂಲಿಯವರ ಲೈನ್ ಮನೆಗಳ ಸಾಲಿನಲ್ಲಿ ನಮ್ಮ ಪಟ್ಟಿಗೆ ಬಿದ್ದ ಮನೆಯಿತ್ತು. ಮಳೆಗಾಲ ಆಗಷ್ಟೇ ಶುರುವಾಗಿತ್ತು. ತಾಯಿ ಸೊಂಟದ ಮೇಲೆ ಹೆಣ್ಣುಮಗು ಕೂರಿಸಿಕೊಂಡು ಬಂದಳು.

"ಹುಟ್ಟಿದ್ದು ಯಾವಾಗಮ್ಮ?"

"ಕಾಫಿ ಕೊಯ್ಲಲ್ಲಿ ಅಕ್ಕ. ಅದಾದ್ಮೇಲೆ ಎರಡು ಕೊಯ್ಲು ಮುಗೀತು."

ಎರಡೂವರೆ ವರ್ಷ ಎಂದು ಹಾಕಿದೆ. ತೂಕಕ್ಕೆ ನಿಲ್ಲಿಸಿದರೆ ಆರು ಕಿಲೋ ನಾಲ್ಕುನೂರು. ಟ್ಯಾಬ್ ಕೆಂಪಗಾಯಿತು; ಇಂಥ ತೂಕ ಇರಲು ಸಾಧ್ಯವಿಲ್ಲವಂತೆ. ಯಂತ್ರ ಕೆಟ್ಟಿದೆಯೇನೋ ಎಂದು ನಾನೇ ಹತ್ತಿ ನೋಡಿದೆ. ಸರಿಯಾಗಿಯೇ ಇತ್ತು. ಮೂರು ಸಲ ತೂಗಿ ಮೇಲ್ವಿಚಾರಕರಿಗೆ ಫೋನ್ ಮಾಡಿದೆ.

"ತೂಕ ಸರಿ ಇದ್ರೆ ವಯಸ್ಸು ತಪ್ಪು ಮೇಡಂ. ಎಂಟು ತಿಂಗಳು ಅಂತ ಹಾಕಿ, ಸರಿಹೋಗುತ್ತೆ."

ಅಷ್ಟರಲ್ಲಿ ಮಗು ನನ್ನ ಸೆರಗು ಜಗ್ಗಿ, "ನಂಗೂ ಫೋನು ಕೊಡು," ಅಂದಿತು.

"ಸರ್, ಮಗು ಮಾತಾಡ್ತಿದೆ."

"ಕೆಲವು ಮಕ್ಕಳು ಬೇಗ ಮಾತಾಡ್ತವೆ."

ನಾನು ಇದ್ದದ್ದನ್ನು ಇದ್ದ ಹಾಗೇ ಕಳಿಸಿದೆ. ನಂತರ ಅಲ್ಲಿನ ಅಂಗನವಾಡಿ ಟೀಚರ್ ಹತ್ತಿರ ಹೋಗಿ ಹೇಳಿದೆ. ಅವರಿಗೆ ಮೊದಲೇ ಗೊತ್ತಿತ್ತು.

"ಎಂತ ಮಾಡದು ಮಾರಾಯ್ತಿ? ಮೇಲಿನ ಆಫೀಸಿಗೆ ಎರಡು ಸಲ ಬರೆದು ಕಳಿಸಿದೆ. ಈ ಕಡೆ ಅಂಥ ಮಕ್ಕಳೇ ಇಲ್ಲ, ನಿಮ್ಮ ತಕ್ಕಡಿ ರಿಪೇರಿ ಮಾಡಿಸಿ ಅಂತ ಉತ್ತರ ಬಂತು."

ಮರುದಿನ ಬೆಳಿಗ್ಗೆ ನಾವಿಬ್ಬರೂ ತಾಯಿ ಮಗುವನ್ನು ಬಸ್ಸು ಹತ್ತಿಸಿ ಕೊಪ್ಪದ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಡಾಕ್ಟರಮ್ಮ ಮಗುವಿನ ತೋಳು ಹಿಡಿದು ನೋಡಿದರು, ಜಿಲ್ಲಾಸ್ಪತ್ರೆಗೆ ಚೀಟಿ ಬರೆದರು. ತಾಯಿಗೆ ಕೆಲಸ ಹೋಗುತ್ತದೆಂಬ ಭಯ. ತೋಟದ ಲೆಕ್ಕ ಬರೆಯುವ ರೈಟರ್ ಹತ್ತಿರ ಟೀಚರೇ ಮಾತಾಡಿ ಒಪ್ಪಿಸಿದರು. ಹದಿನೈದು ದಿನ ಅಪೌಷ್ಟಿಕ ಮಕ್ಕಳ ವಾರ್ಡಿನಲ್ಲಿದ್ದು ವಾಪಸ್ ಬಂದ ಮಗು ನನ್ನನ್ನು ಕಂಡದ್ದೇ ಒಳಗೆ ಓಡಿತು. ಓಡುವಷ್ಟು ಬಲ ಕಾಲಿಗೆ ಬಂದಿತ್ತಲ್ಲ, ನನಗಷ್ಟೇ ಸಾಕಾಯಿತು.

ಕೆಲವು ತಿಂಗಳ ಮೇಲೆ ಕೊಪ್ಪದಲ್ಲಿ ಸಭೆ. ಪರದೆಯ ಮೇಲೆ ಬಣ್ಣಬಣ್ಣದ ನಕ್ಷೆ, ಎಲ್ಲ ಇಂಗ್ಲಿಷಿನಲ್ಲಿ. ಮುಂದಿನ ಸಾಲಿನವರು ಅರ್ಥವಾದವರಂತೆ ತಲೆಯಾಡಿಸುತ್ತಿದ್ದರು. "ನಮ್ಮ ಡೇಟಾದಲ್ಲಿ ಒಂದೇ ಒಂದು ತಪ್ಪಿಲ್ಲ," ಎಂದರು ಮೇಲ್ವಿಚಾರಕರು. ಚಪ್ಪಾಳೆ. ಶಾಲು, ಹಣ್ಣಿನ ಬುಟ್ಟಿ. ಆಮೇಲೆ ಮೂಲ ಪಟ್ಟಿ ತೆರೆದು ತೋರಿಸುವ ಉತ್ಸಾಹ ಬಂತು ಅವರಿಗೆ. ನಾನು ಹೋಗಿದ್ದ ಮನೆಯ ನಂಬರು ಕಂಡಿತು. ವಯಸ್ಸು: ಎಂಟು ತಿಂಗಳು.

ಎದ್ದು ನಿಂತು ಕೇಳಿದೆ. ಅವರು ನಕ್ಕರು. "ಅದು ಡೇಟಾ ಕ್ಲೀನಿಂಗ್ ಮೇಡಂ. ಕಸ ಇದ್ರೆ ತೆಗೀಬೇಕಲ್ಲ?"

"ಆ ಕಸ ಹದಿನೈದು ದಿನ ಆಸ್ಪತ್ರೇಲಿತ್ತು ಸರ್. ಅದರ ಅಮ್ಮ ಪಕ್ಕದಲ್ಲಿ ಕೂತಿದ್ಲು."

ಅವರು ಪರದೆಯ ಮೇಲಿನ ಪಟ್ಟಿ ಮುಚ್ಚಿದರು. ಆಮೇಲೆ ಯಾರೋ ಟೀ ತಣ್ಣಗಾಗುತ್ತದೆ ಎಂದರು. ಎಲ್ಲರೂ ಎದ್ದರು, ಬೋಂಡಾಕ್ಕೆ ಸಾಲು ನಿಂತರು. ಮುಂದಿನ ಸುತ್ತಿಗೆ ನನ್ನನ್ನು ಕರೆಯಲಿಲ್ಲ. ವಯಸ್ಸು ತಿದ್ದಿ ಎಂದು ಸಮೀಕ್ಷೆಯ ಕಚೇರಿಗೆ ಪತ್ರ ಬರೆದೆ. ಬಿಡುಗಡೆಯಾದ ಅಂಕಿ ತಿದ್ದುವಂತಿಲ್ಲ ಎಂದು ಎರಡು ಸಾಲಿನ ಉತ್ತರ ಬಂತು. ಮಗುವಿನ ವಯಸ್ಸನ್ನು ಬೇಕಾದ ಹಾಗೆ ತಿದ್ದಬಹುದು, ಕಡತವನ್ನಲ್ಲ.

ಈಗ ನಾನೂ ಟೀಚರೂ ಮಕ್ಕಳ ವಯಸ್ಸು, ತೂಕ ಬರೆಯಲು ಒಂದು ನೋಟ್‌ಬುಕ್ ಇಟ್ಟಿದ್ದೇವೆ. ಅದರಲ್ಲಿ ಕಾಟು ಹೊಡೆದದ್ದಿದೆ, ಮಳೆ ನೀರಿಗೆ ಇಂಕು ಹರಡಿದ್ದಿದೆ, ನಕ್ಷೆ ಮಾಡಲು ಬರುವುದಿಲ್ಲ. ಹೋದ ತಿಂಗಳು ಅದನ್ನು ನೋಡಿ ಡಾಕ್ಟರಮ್ಮ ಇನ್ನಿಬ್ಬರು ಮಕ್ಕಳನ್ನು ಜಿಲ್ಲಾಸ್ಪತ್ರೆಗೆ ಕಳಿಸಿದರು.