ಹೊರಗಿನ ಬೀಗ

ತರಬೇತಿಯಲ್ಲಿ ನಮ್ಮ ಉಸ್ತಾದರು ಒಂದು ಮಾತನ್ನು ತಲೆಗೆ ಕುಟ್ಟಿ ಕುಟ್ಟಿ ತುಂಬಿದ್ದರು. ಬೆಂಕಿ ಬಿದ್ದಲ್ಲಿ ಮೊದಲು ಬಾಗಿಲು ನೋಡು. ಒಳಗಿನಿಂದ ಚಿಲಕವಿದ್ದರೆ ಜನ ಇದ್ದಾರೆ. ಹೊರಗೆ ಬೀಗವಿದ್ದರೆ ಮನೆ ಖಾಲಿ, ಪಕ್ಕದ ಮನೆಗೆ ನಡೆ. ಧಾರವಾಡ ಕಡೆಯವನಾದ ನಾನು ಗೋವಾದ ಅಗ್ನಿಶಾಮಕ ಠಾಣೆಗೆ ಆಗಷ್ಟೇ ಸೇರಿದ್ದೆ. ಪರೀಕ್ಷೆಯಲ್ಲಿ ಇದೇ ಉತ್ತರ ಹೇಳಿ ಶಭಾಷ್ ಅನ್ನಿಸಿಕೊಂಡಿದ್ದೆ.

ಎಂಬತ್ತರ ದಶಕದ ಕೊನೆ. ಒಂದು ಮಧ್ಯಾಹ್ನ ಸಾಂಕೋಲೆಯ ಕೂಲಿಕಾರರ ತಗಡಿನ ಸಾಲುಮನೆಗಳಿಗೆ ಬೆಂಕಿ ಹತ್ತಿತು. ಎಲ್ಲರೂ ನಮ್ಮ ಕಡೆಯ ಜನ. ಮುಂದೆ ನಾನು, ನನ್ನ ಹಿಂದೆ ಕೊಡಲಿ ಹಿಡಿದ ಇನ್ನೊಬ್ಬ. ಮೂರನೆಯ ಮನೆಯಿಂದ ಹೊಗೆ ಬರುತ್ತಿತ್ತು, ಬಾಗಿಲಿಗೆ ಬೀಗ. ನಾಲ್ಕನೆಯ ಮನೆಯೊಳಗೆ ಅಜ್ಜಿಯೊಬ್ಬಳು ಕೂಗುತ್ತಿದ್ದಳು. ಬೀಗ ನೋಡಿದೆ, ಮುಂದೆ ಹೋದೆ. ಅಜ್ಜಿಯನ್ನು ಹೊತ್ತು ತಂದಾಗ ಸುತ್ತಲಿನವರು ಭೇಷ್ ಅಂದರು. ನನಗೂ ಎದೆಯುಬ್ಬಿತ್ತು, ಸುಳ್ಳು ಯಾಕೆ ಹೇಳಲಿ.

ಆಗ ಕಟ್ಟಡದ ಕೆಲಸ ಬಿಟ್ಟು ಒಬ್ಬ ಹೆಂಗಸು ಓಡಿ ಬಂದಳು. ಸೆರಗಿಗೆ ಕಟ್ಟಿಕೊಂಡಿದ್ದ ಕೀಲಿಕೈಯ ಗಂಟು ಬಿಚ್ಚಲು ಬಾರದೆ ಒದ್ದಾಡುತ್ತಿದ್ದಳು.

"ಬಾಗ್ಲಾ ತಗೀರ್ರಿ ಯಣ್ಣಾ! ನಮ್ಮನಿಯವ್ರು ಒಳಗ ಮಲಗ್ಯಾರ!"

"ಹೊರಗ ಕೀಲಿ ಐತಲ್ಲ ತಂಗೆವ್ವಾ?"

"ನಾನಽ ಹಾಕೀನ್ರಿ. ಬಂದರದಾಗ ರಾತ್ರಿಪಾಳಿ ಮಾಡಿ ಬಂದಾರ. ಯಾರೂ ಬಾಗ್ಲಾ ಬಡೀಬಾರದು, ನಿದ್ದಿ ಕೆಡಬಾರದು ಅಂತ..."

ಬೀಗ ಒಡೆದೆವು. ಗಂಡ ಬಾಗಿಲ ಹಿಂದೆಯೇ ಬಿದ್ದಿದ್ದ. ಉಸಿರಿರಲಿಲ್ಲ.

ಕಲಿಸಿದಂತೆ ಮಾಡಿದ್ದೀ, ನಿನ್ನದೇನೂ ತಪ್ಪಿಲ್ಲ ಎಂದರು ಠಾಣೆಯ ಸಾಹೇಬರು, ಗೋವಾದವರು. ಅವರಿಗೇನು ಗೊತ್ತು ನಮ್ಮ ಜನರ ರೂಢಿ? ನನಗೆ ಗೊತ್ತಿತ್ತಲ್ಲ! ಥೂ ನನ್ನ ಜನ್ಮಕ್ಕಿಷ್ಟು. ಎರಡು ದಿನದ ಹಿಂದಷ್ಟೇ ರಾತ್ರಿ ಡ್ಯೂಟಿ ಮುಗಿಸಿ ಬಂದು, "ಕೀಲಿ ಹಾಕ್ಕೊಂಡು ಹೋಗ, ಮಂದಿ ಬಂದು ಎಬ್ಬಸ್ತಾರ" ಎಂದು ಹೆಂಡತಿಗೆ ಹೇಳಿ ನಾನೂ ಹಾಗೆಯೇ ಮಲಗಿದ್ದೆ. ಅಜ್ಜಿಯ ಕಡೆ ಓಡುವಾಗ ಹಿಂದಿನವನಿಗೆ, ಆ ಬೀಗ ಒಡಿ ಎಂದು ಒಂದು ಮಾತು ಅಂದಿದ್ದರೆ ಸಾಕಿತ್ತು. ಉಸ್ತಾದರ ಪಾಠ ನೆನಪಾಯಿತು, ನನ್ನ ಮನೆ ನೆನಪಾಗಲಿಲ್ಲ.

ತೊಂಬತ್ತರ ದಶಕದಲ್ಲಿ ಹೊಸಬರಿಗೆ ಕಲಿಸುವ ಕೆಲಸ ನನಗೇ ಬಂತು. ಬೀಗ ಕಂಡರೆ ಒಡೆಯಿರಿ ಎಂದೇ ಕಲಿಸಿದೆ. ಖಾಲಿ ಮನೆಯ ಬಾಗಿಲು ಮುರಿದಿರೆಂದು ಎಷ್ಟೋ ಮಾಲೀಕರು ಬಂದು ಬೈದರು. ಬೈಸಿಕೊಂಡೆ.

ಅವತ್ತು ಆ ಹೆಂಗಸು ಮಾತ್ರ ನನ್ನನ್ನು ಬೈಯಲಿಲ್ಲ. "ನಾನಽ ಕೀಲಿ ಹಾಕಿ ಕೊಂದೆ" ಎಂದು ಎದೆ ಎದೆ ಬಡಿದುಕೊಂಡಳು. ಆಗ ನಾನು ಅವಳ ಪಕ್ಕದಲ್ಲೇ ನಿಂತಿದ್ದೆ. ನಿನ್ನ ತಪ್ಪಲ್ಲ ತಂಗೆವ್ವಾ, ಆ ಬೀಗ ನೋಡಿಯೂ ಮುಂದೆ ಹೋದವನು ನಾನು ಎನ್ನಲು ನಾಲಗೆ ಏಳಲಿಲ್ಲ.