ನಾನು ನೋಡಲಿಲ್ಲ ಎಂದೆ

ದೇವದಾಸನ ಕಾಲು ಮುರಿದದ್ದು ನನ್ನ ಬೂಟು. ಲಾರೆನ್ಸನದಲ್ಲ. ಇಷ್ಟನ್ನು ಬರೆಯಲು ನನಗೆ ಮೂವತ್ತಕ್ಕೂ ಹೆಚ್ಚು ವರ್ಷ ಬೇಕಾಯಿತು. ಬರೆದ ಮೇಲೂ ಇದು ಒಪ್ಪಿಕೊಳ್ಳುವುದೋ, ಇನ್ನೊಂದು ಬಗೆಯಲ್ಲಿ ತಪ್ಪಿಸಿಕೊಳ್ಳುವುದೋ — ನನಗೇ ಸ್ಪಷ್ಟವಿಲ್ಲ.

ಕುವೈತ್ ಯುದ್ಧ ಮುಗಿದ ಮರುವರ್ಷ. ಲಾರೆನ್ಸ್ ಮತ್ತು ನಾನು ಮಂಗಳೂರಿನ ಒಂದು ಕಾಲೇಜಿನ ಫುಟ್‌ಬಾಲ್ ತಂಡದಲ್ಲಿದ್ದೆವು. ಇಬ್ಬರೂ ಡಿಫೆಂಡರುಗಳು, ಅವನು ಎಡಕ್ಕೆ, ನಾನು ಬಲಕ್ಕೆ. ಅವನ ಅಪ್ಪ ಕುವೈತಿನ ಹೋಟೆಲೊಂದರಲ್ಲಿ ಅಡುಗೆ ಮಾಡುತ್ತಿದ್ದವರು, ಯುದ್ಧದಲ್ಲಿ ಉಟ್ಟ ಬಟ್ಟೆಯಲ್ಲಿ ವಾಪಸಾಗಿದ್ದರು. ಇನ್ನು ಗಲ್ಫಿಗೆ ಹೋಗಬೇಕಾದವನು ಮಗನೇ ಎಂದು ಮನೆಯಲ್ಲಿ ತೀರ್ಮಾನವಾಗಿತ್ತು.

ಆ ವರ್ಷ ನಮ್ಮ ತಂಡ ಹಿಂದೆಂದೂ ಆಡದ ಹಾಗೆ ಆಡಿತು. ಸೆಮಿಫೈನಲ್‌ವರೆಗೆ ಒಂದೇ ಒಂದು ಪಂದ್ಯವನ್ನೂ ಸೋತಿರಲಿಲ್ಲ. ದುಬೈಯಿಂದ ರಜೆಗೆ ಬಂದಿದ್ದ ಕಂಪನಿ ಮ್ಯಾನೇಜರೊಬ್ಬರು — ನಮ್ಮೂರಿನವರೇ, ಫುಟ್‌ಬಾಲ್ ಹುಚ್ಚಿನವರು — ನಮ್ಮ ಎರಡು ಆಟ ನೋಡಿ, ತಮ್ಮ ಕಂಪನಿ ತಂಡಕ್ಕೆ ಒಬ್ಬ ಡಿಫೆಂಡರ್ ಬೇಕು, ಗೋದಾಮಿನಲ್ಲಿ ಕೆಲಸ, ರಜೆಯ ಶುಕ್ರವಾರ ಆಟ ಎಂದಿದ್ದರು. ಅವರ ಕಣ್ಣು ಲಾರೆನ್ಸನ ಮೇಲಿತ್ತು. ಅದು ಎಲ್ಲರಿಗೂ ಗೊತ್ತಿತ್ತು. ನನಗೂ.

ಸೆಮಿಫೈನಲ್‌ನಲ್ಲಿ ಎದುರಾಳಿಗಳ ಫಾರ್ವರ್ಡ್ ದೇವದಾಸ ಚೆಂಡು ಹಿಡಿದು ನಮ್ಮಿಬ್ಬರ ನಡುವೆ ನುಗ್ಗಿದ. ನಾವು ಅವನನ್ನು ತಡೆಯಲು ಎರಡೂ ಬದಿಯಿಂದ ನೆಲದ ಮೇಲೆ ಜಾರಿಕೊಂಡು ಹೋದೆವು. ಕೆಂಪು ಧೂಳು ಎದ್ದಿತು. ಕಾಲು ಮುರಿದದ್ದು ನನಗೆ ಕಾಣಲಿಲ್ಲ, ಆದರೆ ತಿಳಿಯಿತು — ನನ್ನ ಬೂಟಿನ ತುದಿ ಅವನ ಮೊಣಕಾಲ ಕೆಳಗೆ ತಾಗಿ, ಒಳಗೆ ಏನೋ ಮುರಿದ ಅದುರು ನನ್ನ ಹಿಮ್ಮಡಿಯವರೆಗೂ ಬಂತು. ನಾನು ಕಾಲು ಎಳೆದುಕೊಂಡು ಹೊರಳಿದೆ. ಧೂಳು ಇಳಿದಾಗ ದೇವದಾಸನ ಮೇಲೆ ಬಿದ್ದಿದ್ದವನು ಲಾರೆನ್ಸ್. ರೆಫರಿ ಅವನಿಗೆ ಕೆಂಪು ಕಾರ್ಡು ತೋರಿಸಿದರು.

ಆ ಕ್ಷಣ ನಾನು ಬಾಯಿ ಬಿಡಲಿಲ್ಲ. ಹೆದರಿಕೆಯೇ? ಇರಬಹುದು. ಆದರೆ ಮೂರು ದಿನದ ಮೇಲೆ ಪ್ರಿನ್ಸಿಪಾಲರ ಕೋಣೆಯಲ್ಲಿ ವಿಚಾರಣೆ ನಡೆದಾಗ ಹೆದರಿಕೆ ಇಳಿದಿತ್ತು. ಲಾರೆನ್ಸನನ್ನು ಮೊದಲು ಕೇಳಿದರು. ಅವನು ನೆಲ ನೋಡುತ್ತ, ತಾನೇ ಇರಬೇಕು, ಗಡಿಬಿಡಿಯಲ್ಲಿ ಗೊತ್ತಾಗಲಿಲ್ಲ ಎಂದ. ಆಮೇಲೆ ನನ್ನ ಕಡೆ ತಿರುಗಿದರು.

"ನಾನು ನೋಡಲಿಲ್ಲ, ಸರ್" ಎಂದೆ.

ಸುಳ್ಳಲ್ಲ. ನಾನು ನಿಜವಾಗಿ ನೋಡಿರಲಿಲ್ಲ. ಎಷ್ಟೋ ವರ್ಷ ಈ ಒಂದು ಎಳೆಯನ್ನು ಹಿಡಿದುಕೊಂಡೇ ಬದುಕಿದೆ. ಆ ಮಾತು ಆಡುವಾಗ ಮನಸ್ಸಿನಲ್ಲಿ ದುಬೈ ಇತ್ತೇ? ಇತ್ತು ಅನ್ನಿಸುತ್ತದೆ ಒಮ್ಮೆ. ಇರಲಿಲ್ಲ, ಬರೀ ನಾಲಿಗೆ ಹೊರಳಿತು ಅನ್ನಿಸುತ್ತದೆ ಮತ್ತೊಮ್ಮೆ. ಈ ಎರಡರ ನಡುವೆ —

ಲಾರೆನ್ಸನನ್ನು ಒಂದು ವರ್ಷ ಆಟದಿಂದ ಹೊರಗಿಟ್ಟರು. ಅವನಿಲ್ಲದೆ ಫೈನಲ್ ಸೋತೆವು. ಮ್ಯಾನೇಜರು ನನ್ನನ್ನು ಕರೆದುಕೊಂಡರು. ದುಬೈಯ ಅಲ್ ಕೂಜ್‌ನ ಗೋದಾಮಿನಲ್ಲಿ ಕೆಲಸ, ಕಂಪನಿ ತಂಡದಲ್ಲಿ ಎಂಟು ವರ್ಷ ಆಟ, ಆಮೇಲೆ ಆಫೀಸು, ಮದುವೆ, ಅಲ್ಲೇ ಕರಾಮದಲ್ಲಿ ಮನೆ. ದೇವದಾಸನ ಕಾಲು ಮತ್ತೆ ನೆಟ್ಟಗಾಗಲಿಲ್ಲವೆಂದೂ ಅವನು ಯಾವುದೋ ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದಾನೆಂದೂ ಕೇಳಿದ್ದೆ. ಲಾರೆನ್ಸ್ ಮತ್ತೆ ಚೆಂಡು ಮುಟ್ಟಲಿಲ್ಲ.

ಹತ್ತು ವರ್ಷದ ಮೇಲೆ ನಾನೇ ಓಡಾಡಿ, ಅಬುಧಾಬಿಯ ಆಸ್ಪತ್ರೆಯೊಂದರಲ್ಲಿ ಲಾರೆನ್ಸನಿಗೆ ಡ್ರೈವರ್ ಕೆಲಸಕ್ಕೆ ವೀಸಾ ಮಾಡಿಸಿದೆ. ಅವನು ಹೆಂಡತಿ ಜೂಲಿಯಾಳನ್ನು ಕರೆತಂದು ಅಲ್ಲೇ ಬನಿಯಾಸ್‌ನಲ್ಲಿ ಸಂಸಾರ ಹೂಡಿದ. ಮನೆಗೆ ಯಾರು ಬಂದರೂ ನನ್ನನ್ನು ತೋರಿಸಿ, ನಾವು ಅನ್ನ ತಿನ್ನುವುದು ಈ ಯಶುವಿನಿಂದ ಎನ್ನುತ್ತಿದ್ದ. ನಾನು ತಲೆ ತಗ್ಗಿಸುತ್ತಿದ್ದೆ. ಅವರು ಅದನ್ನು ವಿನಯ ಎಂದುಕೊಂಡರು.

ಕಳೆದ ತಿಂಗಳು ಅವನು ಕರಾಮಕ್ಕೆ ಬಂದ. ನಮ್ಮ ಬೀದಿಯ ಹೋಟೆಲಿನಲ್ಲಿ ಮೀನು ಊಟಕ್ಕೆ ಕುಳಿತಿದ್ದೆವು.

"ಇಲ್ಲಿಯದ್ದು ಖಲಾಸ್ ಮಾರಾಯ. ವೀಸಾ ಕ್ಯಾನ್ಸಲ್‌ಗೆ ಕೊಟ್ಟಿದ್ದೇನೆ" ಎಂದ. ಸ್ವಲ್ಪ ಹೊತ್ತು ಅನ್ನ ಕಲಸುತ್ತಿದ್ದು, "ಊರಿಗೆ ಹೋದ ಕೂಡಲೇ ದೇವದಾಸನ ಹತ್ತಿರ ಹೋಗ್ಬೇಕು. ಕ್ಷಮೆ ಕೇಳದೆ ಸಾಯ್ಲಿಕ್ಕೆ ಆಗುದಿಲ್ಲ ನನಗೆ" ಎಂದ.

ಅವನು ಆ ದಿನವನ್ನು ಮರೆತಿದ್ದಾನೆ ಎಂದು ನಾನು ಯಾಕೆ ನಂಬಿದ್ದೆನೋ.

ಆ ಊಟದ ಹೊತ್ತಿಗೇ ಹೇಳಬಹುದಿತ್ತು. ಹೇಳಲಿಲ್ಲ. ಮುಂದಿನ ವಾರವೂ ಇಲ್ಲ. ಅವನು ಹೊರಡಲು ಎರಡು ದಿನವಿದೆ ಎನ್ನುವಾಗ ಬಸ್ಸು ಹತ್ತಿ ಬನಿಯಾಸ್‌ಗೆ ಹೋದೆ. ಮಧ್ಯಾಹ್ನ. ಕೋಣೆ ತುಂಬ ರಟ್ಟಿನ ಪೆಟ್ಟಿಗೆಗಳು; ಲಾರೆನ್ಸ್ ಮಂಡಿಯೂರಿ ಟೇಪು ಸುತ್ತುತ್ತಿದ್ದ. ಜೂಲಿಯಾ ಅಂಗಡಿಗೆ ಹೋಗಿದ್ದಳು. ನಾನು ನಿಂತುಕೊಂಡೇ ಹೇಳಿದೆ. ಧೂಳು, ಬೂಟು, ಪ್ರಿನ್ಸಿಪಾಲರ ಕೋಣೆ — ಎಲ್ಲವನ್ನೂ.

ಅವನು ಬೈಯುತ್ತಾನೆ, ಹೊಡೆಯುತ್ತಾನೆ ಎಂದು ಸಿದ್ಧನಾಗಿ ಹೋಗಿದ್ದೆ. ಅವನು ಟೇಪು ಕೆಳಗಿಟ್ಟ.

"ನಿನಗೆ ಖಂಡಿತ ಗೊತ್ತುಂಟಾ?"

"ಉಂಟು."

ಅವನು ತನ್ನ ಬಲಗಾಲನ್ನು ಮುಂದೆ ಚಾಚಿ, ಅದು ಬೇರೆ ಯಾರದೋ ಎಂಬಂತೆ ನೋಡಿದ.

"ನನ್ನ ಕಾಲಿಗೆ ತಾಗಿದ್ದು ನೆನಪುಂಟಲ್ಲ ಮಾರಾಯ" ಎಂದ. "ಈಗಲೂ ಉಂಟು."

ನನ್ನ ಅನುಭವ ನಿಜ. ಅವನದೂ — ಅವನಿಗೆ ನಿಜವೇ. ಇಷ್ಟು ವರ್ಷ ಆ ಏಟನ್ನು ಅವನ ಕಾಲೊಳಗೆ ಬೆಳೆಸಿದ್ದು ನನ್ನ ಒಂದು ವಾಕ್ಯ. ಜೂಲಿಯಾ ಬಂದಳು, ಚಹಾ ಮಾಡುತ್ತೇನೆ ಎಂದಳು. ಯಶು ಈಗ ಹೊರಡ್ತಾನೆ ಎಂದು ಅವನು ಹೇಳಿದ. ಕೋಪದಿಂದಲ್ಲ. ಕೋಪದಿಂದ ಹೇಳಿದ್ದರೆ ಅದು ನನಗೆ ಅರ್ಥವಾಗುತ್ತಿತ್ತು.

ಊರು ಸೇರಿ ಒಂಬತ್ತು ದಿನವಾದ ಮೇಲೆ ಲಾರೆನ್ಸ್ ಫೋನು ಮಾಡಿದ. ದೇವದಾಸನ ಮನೆಗೆ ಹೋಗಿದ್ದನಂತೆ. ಕ್ಷಮೆ ಕೇಳಿದನಂತೆ. ದೇವದಾಸ ಅವನ ಕೈ ಹಿಡಿದುಕೊಂಡು, ಅದೆಲ್ಲ ಮುಗಿದ ಕತೆ ಎಂದನಂತೆ.

"ನೀನು ಯಾಕೆ ಕೇಳಿದೆ, ಲಾರೆನ್ಸ್? ನಾನು ಹೇಳಿದ ಮೇಲೂ?"

"ಗೊತ್ತಿಲ್ಲ. ಅವನು ಕುಂಟುತ್ತ ಬಂದು ಬಾಗಿಲು ತೆಗೆದ. ಬೇರೆ ಎಂತ ಹೇಳುದೂಂತ ಆಗ್ಲಿಲ್ಲ ನನಗೆ." ಆಮೇಲೆ, "ನಿನ್ನ ಹೆಸರು ಹೇಳ್ಲಿಲ್ಲ ನಾನು. ಅದು ನನ್ನ ಕೆಲಸ ಅಲ್ಲ" ಎಂದ.

ಹಾಗಾದರೆ ಆ ಕ್ಷಮೆ ಯಾರಿಗೆ ಸೇರಿತು? ತಪ್ಪು ಮಾಡದವನು ಬೇಡಿದ, ನಿಜ ತಿಳಿಯದವನು ಕೊಟ್ಟ. ಈಗ ನಾನು ಹೋಗಿ ಹೇಳಿದರೆ, ಅವರಿಬ್ಬರು ಕೈ ಹಿಡಿದುಕೊಂಡ ಆ ಗಳಿಗೆಯನ್ನೂ ಕೆಡಿಸಿದಂತಾಗುವುದೇ? ಹೇಳದಿದ್ದರೆ — ಈ ಪ್ರಶ್ನೆಯೇ ಒಂದು ನೆಪವೇ? ನನ್ನ ಮನಸ್ಸು ಹುಡುಕಿಕೊಡುವ ಕಾರಣಗಳನ್ನು ನಾನು ಇನ್ನು ನಂಬಲಾರೆ.

ನಿನ್ನೆ ಹೆಂಡತಿಗೆ ಎಲ್ಲ ಹೇಳಿದೆ. ಅವಳು, ಊರಿನ ಟಿಕೆಟು ಯಾವತ್ತಿಗೆ ಎಂದು ಕೇಳಿದಳು. ಬರುವ ಬುಧವಾರಕ್ಕೆ ಎಂದೆ.